ಕಲೆಯಿಲ್ಲದ ನಿಲ್ದಾಣ

ಮುಂಬಯಿಯ ಮಕ್ಕಳಿಗೆ ರೈಲಿನ ವಿಷಯವಾಗಿ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ನಡೆಯಲು ಕಲಿಯುವ ಮೊದಲೇ ತಾಯಿಯ ಸೊಂಟದ ಮೇಲೆ ಕುಳಿತು ಲೋಕಲ್ ಗಾಡಿಯ ನೂಕುನುಗ್ಗಲನ್ನು ಕಂಡವರು ನೀವು. ಬೇಸಗೆಯ ರಜೆ ಬಂದಿತೆಂದರೆ ನಿಮ್ಮಲ್ಲಿ ಕೆಲವರು ಕುರ್ಲಾದಿಂದ ಹೊರಡುವ ಮತ್ಸ್ಯಗಂಧಾ ಗಾಡಿಯಲ್ಲಿ ಕರಾವಳಿಯ ಕಡೆಗೂ, ಇನ್ನು ಕೆಲವರು ಸೋಲಾಪುರದ ಮಾರ್ಗವಾಗಿ ಕಲಬುರಗಿಯ ಕಡೆಗೂ ಮುಖ ಮಾಡುತ್ತೀರಿ. ಆದುದರಿಂದ ಶಾಲೆಯ ವಸ್ತುಪ್ರದರ್ಶನದಲ್ಲಿ ‘ರೈಲು ನಿಲ್ದಾಣದ ಮಾದರಿ’ ಎಂಬ ಚೀಟಿ ಹೊತ್ತ ಮೇಜುಗಳು ವರ್ಷವರ್ಷವೂ ನಾಲ್ಕೈದಾದರೂ ಇರುವುದು ಸಹಜವೇ. ಆಶ್ಚರ್ಯವನ್ನುಂಟುಮಾಡುವುದು ಬೇರೊಂದು ಸಂಗತಿ. ಆ ನಾಲ್ಕೈದು ನಿಲ್ದಾಣಗಳಲ್ಲಿ ಒಂದಾದರೂ ನಮ್ಮ ಮುಂಬಯಿಯದಾಗಿರುವುದಿಲ್ಲ.

ಹಾಲಿನಂತೆ ಬಿಳುಪಾದ ಥರ್ಮೋಕೋಲಿನ ಗೋಡೆ, ಹೊಳೆಯುವ ಕೆಂಪು ಕಾಗದದ ಮಾಡು, ಬಣ್ಣ ಹಾಕಿದ ಮರದ ಹೊಟ್ಟಿನ ಹುಲ್ಲುಹಾಸು, ಸುತ್ತಲೂ ಮುದ್ದಾದ ಬೇಲಿ. ಅಂಥ ನಿಲ್ದಾಣವು ಸ್ವಿಟ್ಜರ್ಲೆಂಡಿನಲ್ಲಿ ಇದ್ದೀತು. ಸಾಯನಿನಲ್ಲಾಗಲಿ ಕಾಂಜೂರಮಾರ್ಗದಲ್ಲಾಗಲಿ ಇಲ್ಲವೆಂಬುದನ್ನು ನಾನು ಬಲ್ಲೆ, ನೀವೂ ಬಲ್ಲಿರಿ. ಅದರಲ್ಲಿ ಅರ್ಧ ಅಂಗಡಿಯಲ್ಲಿ ಕೊಂಡದ್ದು. ಉಳಿದರ್ಧ ತಂದೆತಾಯಿಗಳು ನಿದ್ದೆಗೆಟ್ಟು ಅಂಟಿಸಿದ್ದು. ಮಹಾರಾಷ್ಟ್ರದಲ್ಲಿ 2018ರಿಂದಲೇ ಅಲಂಕಾರದ ಥರ್ಮೋಕೋಲಿಗೆ ನಿಷೇಧವಿದೆಯೆಂಬುದನ್ನು ಇಲ್ಲಿ ನೆನಪಿಸಿದರೆ ನನ್ನನ್ನು ಸಿಡುಕಿನ ಮೇಷ್ಟರೆನ್ನುವಿರಿ. ಆ ಮಾತು ಹಾಗಿರಲಿ.

ಕೆಲವು ವರ್ಷಗಳ ಹಿಂದೆ ಅಂತರಶಾಲಾ ಪ್ರದರ್ಶನವೊಂದಕ್ಕೆ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾನು ವಾಸಿಸುವ ಚಾಳನ್ನೂ ಅದರ ಬೆನ್ನಿಗೆ ಹಾಯುವ ರೈಲುದಾರಿಯ ಗೋಡೆಯನ್ನೂ ರಟ್ಟಿನಲ್ಲಿ ಕಟ್ಟಿ ಒಯ್ದಿದ್ದಳು. ಗೋಡೆಯ ಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳಿದ್ದವು. ನಲ್ಲಿಯ ಬುಡದಲ್ಲಿ ಪಾಚಿಯ ಹಸಿರಿತ್ತು. ಮಾಡಿನ ಮೂಲೆಯೊಂದಕ್ಕೆ ನೀಲಿಯ ತಾಡಪತ್ರಿ ಹೊದಿಸಿ ಇಟ್ಟಿಗೆಯ ಚೂರುಗಳನ್ನು ಹೇರಿತ್ತು. ತೀರ್ಪುಗಾರರು ಅದನ್ನು ಬಹಳ ಹೊತ್ತು ನೋಡಿದರು. ಅನಂತರ ‘ಕೆಲಸ ಚೆನ್ನಾಗಿದೆ, ಶುಚಿತ್ವ ಸಾಲದು’ ಎಂದು ಬರೆದು ಅಂಕಗಳನ್ನು ಕಳೆದರು. ಬಹುಮಾನವು ಬಿಳಿಯ ಬಂಗಲೆಯೊಂದಕ್ಕೆ ಸಂದಿತು. ಆ ತೀರ್ಪನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪಲಾರೆ. ಏಕೆ ಒಪ್ಪಲಾರೆನೆಂಬುದನ್ನು ನಿಮ್ಮ ಮುಂದೆ ಬಿಚ್ಚಿಡುವುದಕ್ಕಾಗಿಯೇ ಈ ಲೇಖನ.

ಕನ್ನಡದಲ್ಲಿ ‘ಕಲೆ’ ಎಂಬ ಶಬ್ದಕ್ಕೆ ಎರಡರ್ಥಗಳುಂಟು. ಒಂದು ಸಂಸ್ಕೃತದ ‘ಕಲಾ’ದಿಂದ ಬಂದುದು, ಚಿತ್ರಕಲೆ, ಶಿಲ್ಪಕಲೆ ಎಂದಾಗ ಬರುವುದು. ಇನ್ನೊಂದು ಅಚ್ಚಗನ್ನಡದ್ದು, ಅಂಗಿಗೆ ಹತ್ತಿದ ಕಲೆ, ಗಾಯ ಮಾಸಿ ಉಳಿದ ಕಲೆ. ನಿಘಂಟಿನಲ್ಲಿ ಇವೆರಡಕ್ಕೂ ನೆಂಟಸ್ತಿಕೆಯಿಲ್ಲ. ಮಾದರಿ ಕಟ್ಟುವವನ ಮೇಜಿನ ಮೇಲೆ ಮಾತ್ರ ಎರಡೂ ಒಂದೇ ಆಗಿಬಿಡುತ್ತವೆ.

ಮೊದಲು ಕಟ್ಟುವ ಮಾತು. ಪಾಶ್ಚಾತ್ಯ ದೇಶಗಳಲ್ಲಿ ಪುಟ್ಟ ರೈಲುಗಳನ್ನು ಮನೆಯಲ್ಲಿ ಓಡಿಸುವುದು ಮಕ್ಕಳ ಆಟವಷ್ಟೇ ಅಲ್ಲ, ದೊಡ್ಡವರು ಜನ್ಮವಿಡೀ ಬಿಡದ ಹವ್ಯಾಸ. ನಮ್ಮ ನೆರೆಯ ಪುಣೆಯಲ್ಲಿಯೂ ಭಾವೂ ಜೋಶಿ ಎಂಬ ಹವ್ಯಾಸಿಯ ಶ್ರಮದಿಂದ ಹುಟ್ಟಿದ ಪುಟಾಣಿ ರೈಲುಗಳ ಸಂಗ್ರಹಾಲಯವೊಂದು 1998ರಲ್ಲಿ ಕೋಥ್ರೂಡಿನಲ್ಲಿ ತೆರೆಯಿತು. ಅನುಕೂಲವಾದರೆ ಹೋಗಿ ನೋಡಿ ಬನ್ನಿರಿ. ಈ ಹವ್ಯಾಸಿಗಳಿಗಾಗಿ ಕಟ್ಟಡಗಳ ಸಿದ್ಧ ಭಾಗಗಳು ಪೆಟ್ಟಿಗೆಗಳಲ್ಲಿ ಮಾರಾಟಕ್ಕೆ ಬರುತ್ತವೆ. ಜರ್ಮನಿಯ ಹಳ್ಳಿಮನೆ, ಇಂಗ್ಲೆಂಡಿನ ಸಿಗ್ನಲ್ ಕೋಣೆ, ಅಮೆರಿಕದ ಧಾನ್ಯದ ಕಣಜ, ಎಲ್ಲವೂ ಸಿಗುತ್ತವೆ. ಪರೇಲಿನ ಚಾಳು ಸಿಗುವ ಪೆಟ್ಟಿಗೆಯನ್ನು ನಾನು ಕಂಡಿಲ್ಲ. ಆ ಹವ್ಯಾಸಿಗಳಲ್ಲಿ ಬಹಳ ಪ್ರಚಾರದಲ್ಲಿರುವ ಪ್ರಮಾಣ 1:87. ಎಂದರೆ ನಿಜವಾದ ವಸ್ತುವಿನ 87ರಲ್ಲೊಂದು ಪಾಲು. ಆ ದೇಶಗಳಲ್ಲಿ ಎರಡು ಕಂಬಿಗಳ ನಡುವಣ ಅಂತರ 1435 ಮಿಲಿಮೀಟರು. 87ರಿಂದ ಭಾಗಿಸಿದರೆ ಹದಿನಾರೂವರೆ. ನಮ್ಮ ಅಗಲ ಹಳಿಯದು 1676. ಭಾಗಿಸಿದರೆ ಹತ್ತೊಂಬತ್ತಕ್ಕೂ ಮೇಲೆ. ಆದುದರಿಂದ ಪೆಟ್ಟಿಗೆಯಲ್ಲಿ ಬಂದ ಹಳಿಯ ಮೇಲೆ ನಮ್ಮ ಗಾಡಿಯನ್ನು ನಿಲ್ಲಿಸಿದರೆ ಸುಮಾರು ಮೂರು ಮಿಲಿಮೀಟರಿನಷ್ಟು ಸುಳ್ಳು ಹೇಳಿದಂತಾಗುತ್ತದೆ. ಸುಳ್ಳು ಚಿಕ್ಕದೇ, ಆದರೆ ಗಾಡಿ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ.

ಹೀಗಾಗಿ ನಮ್ಮ ಊರು ನಮಗೆ ಬೇಕಾದರೆ ಬುಡದಿಂದ ನಾವೇ ಕಟ್ಟಬೇಕು. ಇದು ನಿಮಗೆ ಬಾರದ ವಿದ್ಯೆಯೇನಲ್ಲ. ದೀಪಾವಳಿಯಲ್ಲಿ ಚಾಳಿನ ಅಂಗಳದಲ್ಲಿ ಮರಾಠಿ ಗೆಳೆಯರೊಡನೆ ಸೇರಿ ಕಲ್ಲು, ಮಣ್ಣು, ಹಳೆಯ ಗೋಣಿಗಳಿಂದ ಶಿವಾಜಿಯ ಕಿಲ್ಲೆಯನ್ನು ಕಟ್ಟಿದವರಲ್ಲವೆ ನೀವು? ಇಳಿಜಾರಿನಲ್ಲಿ ಹುಲ್ಲು ಬರಲೆಂದು ಸಾಸಿವೆ ಚೆಲ್ಲಿ, ದಿನಕ್ಕೆರಡು ಬಾರಿ ನೀರು ಚಿಮುಕಿಸಿ, ಮೊಳಕೆಯೊಡೆಯಿತೇ ಎಂದು ಬಗ್ಗಿ ನೋಡುವ ಆ ಉತ್ಸಾಹವು ಪ್ರದರ್ಶನದ ಹೊತ್ತಿಗೆ ಎಲ್ಲಿ ಹೋಗುತ್ತದೆಯೋ ನಾನರಿಯೆ. ಈಗೀಗ ಅಚ್ಚಿನಲ್ಲಿ ಎರೆದ ಕಿಲ್ಲೆಗಳೂ ಪೇಟೆಗೆ ಬಂದಿವೆ. ಅದನ್ನು ಕಂಡು ನನಗೆ ಸಂತೋಷವೇನೂ ಆಗಲಿಲ್ಲ.

ಶಾಲೆಯ ಕೆಲಸಕ್ಕೆ 1:50ರ ಪ್ರಮಾಣವು ಅನುಕೂಲವಾದುದು. ಒಂದು ಮೀಟರಿಗೆ ಎರಡು ಸೆಂಟಿಮೀಟರು; ಲೆಕ್ಕ ಬಾಯಲ್ಲೇ ಆಗುತ್ತದೆ. ಎರಡು ಮೀಟರಿನ ಬಾಗಿಲು ನಾಲ್ಕು ಸೆಂಟಿಮೀಟರು. ಐದೂವರೆ ಅಡಿಯ ಮನುಷ್ಯ ಸುಮಾರು ಮೂರೂ ಕಾಲು. ಆದರೆ ಹನ್ನೆರಡು ಡಬ್ಬಿಗಳ ಲೋಕಲ್ ಗಾಡಿಯ ಉದ್ದ ಸುಮಾರು 250 ಮೀಟರು. ಈ ಪ್ರಮಾಣದಲ್ಲಿ ಅದು ಐದು ಮೀಟರಾಗಿ ಮೇಜಿನಿಂದಾಚೆಗೆ ಚಾಚುತ್ತದೆ. ಆದುದರಿಂದ ಇಡೀ ನಿಲ್ದಾಣದ ಆಸೆಯನ್ನು ಬಿಡಿರಿ. ಒಂದು ತುಣುಕನ್ನು ಆಯ್ದುಕೊಳ್ಳಿರಿ: ಪಾದಚಾರಿ ಸೇತುವೆಯ ಒಂದು ಮೆಟ್ಟಿಲ ಸಾಲು, ಟಿಕೇಟಿನ ಕಿಟಕಿ, ಇಲ್ಲವೆ ದಾರಿಯಂಚಿನ ಒಂದು ಚಾಳು. ಚಿಕ್ಕದನ್ನು ಪೂರ್ಣವಾಗಿ ಮಾಡಿದವನು ದೊಡ್ಡದನ್ನು ಅರ್ಧಕ್ಕೆ ಬಿಟ್ಟವನಿಗಿಂತ ಮೇಲು.

ಅಳತೆಯನ್ನು ತೆಗೆಯುವುದು ಹೇಗೆ? ಪಟ್ಟಿ ಹಿಡಿದು ಹಳಿಗಿಳಿಯುವ ಸಾಹಸವನ್ನು ಯಾರೂ ಮಾಡಕೂಡದು. ಇದು ಸಲಹೆಯಲ್ಲ, ಆಜ್ಞೆ. ಪ್ಲಾಟ್‌ಫಾರ್ಮಿನ ಮೇಲೆ, ಗೋಡೆಗೆ ಒತ್ತಿ ನಿಂತು, ಎಣಿಸಿರಿ. ಮೆಟ್ಟಿಲುಗಳನ್ನೆಣಿಸಿ ಒಂದರ ಎತ್ತರದಿಂದ ಗುಣಿಸಿದರೆ ಸೇತುವೆಯ ಎತ್ತರ ದೊರೆಯುತ್ತದೆ. ಇಟ್ಟಿಗೆಯ ವರಸೆಗಳನ್ನೆಣಿಸಿದರೆ ಗೋಡೆಯ ಎತ್ತರ ದೊರೆಯುತ್ತದೆ. ಗೆಳೆಯನನ್ನು ಕಂಬದ ಬದಿಯಲ್ಲಿ ನಿಲ್ಲಿಸಿ ಕಂಬವು ಎಷ್ಟು ಗೆಳೆಯರ ಎತ್ತರವಿದೆಯೆಂದು ನೋಡಿದರೂ ಸಾಕು. ಗಣಿತದ ಮೇಷ್ಟರು ಕಲಿಸಿದ ಪ್ರಮಾಣ ಮತ್ತು ಅನುಪಾತವು ಪರೀಕ್ಷೆಯ ಹೊರಗೆ ಕೆಲಸಕ್ಕೆ ಬರುವ ಅಪರೂಪದ ಸಂದರ್ಭವಿದು.

ಸಾಮಗ್ರಿಗಾಗಿ ಪೇಟೆಗೆ ಹೋಗಬೇಕಾಗಿಲ್ಲ. ಹೋಟೆಲಿನಲ್ಲಿಯೋ ಕ್ಯಾಂಟೀನಿನಲ್ಲಿಯೋ ದುಡಿಯುವ ನಿಮ್ಮ ತಂದೆಯವರು ರಟ್ಟಿನ ಪೆಟ್ಟಿಗೆಗಳನ್ನು ಎಷ್ಟು ಬೇಕಾದರೂ ತಂದಾರು. ದಪ್ಪ ರಟ್ಟಿನ ಮೇಲಣ ಕಾಗದವನ್ನು ತೇವ ಮಾಡಿ ಸುಲಿದರೆ ಒಳಗಿನ ಅಲೆಯಲೆಯಾದ ಪದರವು ಹೊರಬರುತ್ತದೆ. ಅದೇ ತಗಡಿನ ಮಾಡು. ಊದುಬತ್ತಿಯ ಕಡ್ಡಿಗಳಿಂದ ಕಟಾಂಜನ, ಬೆಂಕಿಕಡ್ಡಿಗಳಿಂದ ಕಿಟಕಿಯ ಚೌಕಟ್ಟು, ಮಿಠಾಯಿ ಪೆಟ್ಟಿಗೆಯ ಪಾರದರ್ಶಕ ಹಾಳೆಯಿಂದ ಗಾಜು. ಮಂಗಳೂರು ಹೆಂಚಿನ ಮಾಡಾದರೆ ಸ್ವಲ್ಪ ತಾಳ್ಮೆ ಬೇಕು. ಒಂದು ಹೆಂಚು ಸುಮಾರು 41 ಸೆಂಟಿಮೀಟರು ಉದ್ದ, ಇಪ್ಪತ್ತಮೂರೂವರೆ ಅಗಲ. ನಮ್ಮ ಪ್ರಮಾಣದಲ್ಲಿ ಎಂಟು ಮಿಲಿಮೀಟರಿಗೆ ಐದು. ಹಳೆಯ ನೋಟುಪುಸ್ತಕದ ಹೊದಿಕೆಯನ್ನು ಆ ಅಳತೆಗೆ ಕತ್ತರಿಸಿ, ಸೂರಿನಿಂದ ಆರಂಭಿಸಿ ಮೇಲಕ್ಕೆ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಅಂಟಿಸಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಅಲ್ಲಿಯ ಹೆಂಚು ಕಡಲಿನ ಹಾದಿಯಲ್ಲಿ ಬಂದು ಈ ನಗರದ ಮಾಡುಗಳನ್ನೇರಿತು. ನಮ್ಮಲ್ಲಿ ಅನೇಕರ ಅಜ್ಜಂದಿರಿಗಿಂತ ಮೊದಲೇ ಮುಂಬಯಿಯಲ್ಲಿ ನೆಲೆ ಕಂಡ ಊರಿನವನು ಆ ಹೆಂಚು!

ಕಟ್ಟಿ ಮುಗಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಅಂಟು ಒಣಗಿದ ಮಾದರಿಯು ಆಗ ತಾನೇ ಹುಟ್ಟಿದ್ದು. ಅದರ ಮೇಲೆ ಒಂದು ಮಳೆಯೂ ಸುರಿದಿಲ್ಲ. ಮುಂಬಯಿಯಲ್ಲಾದರೋ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದೂ ಬಹುತೇಕ ನಾಲ್ಕೇ ತಿಂಗಳಲ್ಲಿ. ಉಳಿದ ಕಾಲ ಉಪ್ಪುಗಾಳಿ, ಧೂಳು, ಬಿಸಿಲು. ಇಷ್ಟನ್ನೂ ಉಂಡ ಗೋಡೆಯು ಬಿಳಿದಾಗಿರುವುದು ಹೇಗೆ?

ಇಲ್ಲಿ ಒಂದು ನಿಯಮವನ್ನು ಮನಗಾಣಬೇಕು. ಕಾರಣವಿಲ್ಲದ ಕಲೆ ಇಲ್ಲ. ಕುಂಚವನ್ನು ಕಪ್ಪು ನೀರಿನಲ್ಲದ್ದಿ ಗೋಡೆಯ ತುಂಬ ಬಳಿದರೆ ಅದು ಹಳೆಯ ಗೋಡೆಯಾಗುವುದಿಲ್ಲ, ಮಸಿಯ ಗೋಡೆಯಾಗುತ್ತದೆ. ಹೋಗಿ ನೋಡಿರಿ: ಕಪ್ಪು ಗೆರೆಗಳು ಕಿಟಕಿಯ ಹೊಸ್ತಿಲಿನ ಎರಡು ತುದಿಗಳಿಂದ ಇಳಿದಿರುತ್ತವೆ, ಏಕೆಂದರೆ ಹೊಸ್ತಿಲ ಮೇಲೆ ಬಿದ್ದ ನೀರು ಅಲ್ಲಿಂದಲೇ ಹರಿಯುತ್ತದೆ. ಒಡೆದ ಕೊಳವೆಯ ಹಿಂದೆ ಪಾಚಿಯ ಪಟ್ಟೆ ಇರುತ್ತದೆ. ಮೊಳೆ ಹೊಡೆದಲ್ಲಿ, ಕಬ್ಬಿಣದ ಸಲಾಕೆ ಗೋಡೆಯನ್ನು ಹೊಕ್ಕಲ್ಲಿ, ತುಕ್ಕಿನ ಕಣ್ಣೀರು ಕೆಳಗಿಳಿದಿರುತ್ತದೆ. ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ನೆಲಕ್ಕೆ ಬಡಿದು ಚಿಮ್ಮಿದ ಕೆಸರುನೀರಿನ ಗುರುತಿರುತ್ತದೆ. ಗಾರೆ ಬಿರಿದಲ್ಲಿ ಒಂದು ಅಶ್ವತ್ಥದ ಸಸಿ ತಲೆಯೆತ್ತಿರುತ್ತದೆ. ಯಾವ ಹಕ್ಕಿ ತಂದ ಬೀಜವೋ! ಗಾಡಿಗಳು ವೇಗವನ್ನು ತಗ್ಗಿಸಿ ನಿಲ್ಲುವ ಕಡೆ ಹಳಿಯ ಜಲ್ಲಿಯು ಕಂದುಬಣ್ಣಕ್ಕೆ ತಿರುಗಿರುತ್ತದೆ. ಬಿರಿಯೊತ್ತಿದಾಗ ಉದುರುವ ಪುಡಿಯ ಪ್ರಭಾವವದು.

ಕಾಲವು ಬಳಿಯುವುದಷ್ಟೇ ಅಲ್ಲ, ಒರೆಸುತ್ತದೆ ಸಹ. ಸೇತುವೆಯ ಕಟಾಂಜನವು ಕೈತಾಗಿ ತಾಗಿ ಬಣ್ಣ ಕಳೆದುಕೊಂಡು ಹೊಳೆಯುತ್ತದೆ. ಹಳೆಯ ಕಲ್ಲಿನ ಮೆಟ್ಟಿಲು ನಡುವೆ ಸವೆದು ತಗ್ಗಾಗಿರುತ್ತದೆ, ಅಂಚುಗಳಲ್ಲಿ ಮಾತ್ರ ಮೊದಲಿನಂತಿರುತ್ತದೆ. ಗಾಡಿ ಓಡುವ ಕಂಬಿಯ ನೆತ್ತಿ ಬೆಳ್ಳಿಯಂತೆ ಬೆಳಗುತ್ತಿದ್ದರೆ ಅದರ ಪಕ್ಕಗಳು ತುಕ್ಕಿನ ಬಣ್ಣದ್ದಾಗಿರುತ್ತವೆ. ನೆತ್ತಿಗೂ ತುಕ್ಕು ಹಿಡಿದಿದ್ದರೆ ಆ ದಾರಿಯಲ್ಲಿ ಗಾಡಿ ಓಡುತ್ತಿಲ್ಲವೆಂದು ತಿಳಿಯಬೇಕು. ಮಾದರಿಯಲ್ಲಿ ಎಲ್ಲ ಕಂಬಿಗಳಿಗೂ ಒಂದೇ ಬೆಳ್ಳಿಬಣ್ಣ ಬಳಿದವನು ಇದನ್ನು ನೋಡಿಯೇ ಇಲ್ಲ.

ಇದಕ್ಕೂ ಹಣ ಬೇಡ. ಚಹದ ಕಷಾಯ, ನೀರು ಬೆರೆಸಿ ತೆಳುವಾಗಿಸಿದ ಕಪ್ಪು ಶಾಯಿ, ಇದ್ದಿಲಿನ ಪುಡಿ, ಇಟ್ಟಿಗೆಯ ಪುಡಿ, ಉಜ್ಜುಕಾಗದದ ಮೇಲೆ ತಿಕ್ಕಿ ಉದುರಿಸಿದ ಸೀಮೆಸುಣ್ಣ. ತೆಳ್ಳನೆಯ ನೀರನ್ನು ಒಂದು ಸಲ ಬಳಿದು ಪೂರ್ತಿ ಒಣಗಲು ಬಿಟ್ಟು ಮತ್ತೊಮ್ಮೆ ಬಳಿಯಬೇಕು. ಅವಸರದವನಿಗೆ ರಟ್ಟು ಉಬ್ಬಿ ತಕ್ಕ ಶಾಸ್ತಿ ಮಾಡುತ್ತದೆ. ಕುಂಚವನ್ನು ಯಾವಾಗಲೂ ಮೇಲಿನಿಂದ ಕೆಳಕ್ಕೆ ಎಳೆಯಿರಿ, ನೀರು ಹರಿಯುವಂತೆ. ತುಕ್ಕಿಗೆ ಇಟ್ಟಿಗೆಯ ಪುಡಿಯನ್ನು ಒದ್ದೆಯ ಬೆರಳಿನಿಂದ ಒತ್ತಿದರಾಯಿತು. ಎಲ್ಲಕ್ಕಿಂತ ಕಷ್ಟವಾದುದು ಎಲ್ಲಿ ನಿಲ್ಲಿಸಬೇಕೆಂಬ ವಿವೇಕ. ಅದನ್ನು ಬರವಣಿಗೆಯಲ್ಲಿ ಕಲಿಸಲಾಗದು.

ಇಷ್ಟು ಕೇಳಿದ ಬಳಿಕ ಒಂದು ಆಕ್ಷೇಪಣೆ ಏಳುವುದು ಖಂಡಿತ. ‘ಗುರುಗಳೇ, ನಾವಿರುವ ಜಾಗದ ಕೊಳೆಯನ್ನು ನಾವೇ ಊರಿಗೆಲ್ಲ ತೋರಿಸಬೇಕೆ?’ ಈ ಪ್ರಶ್ನೆಯ ಹಿಂದಿರುವ ಸಂಕೋಚವನ್ನು ನಾನು ಬಲ್ಲೆ. ಚಾಳಿನಲ್ಲಿರುವ ಹುಡುಗನು ಬಂಗಲೆಯನ್ನು ಕಟ್ಟುವುದು ಬಂಗಲೆಯ ಆಸೆಯಿಂದಷ್ಟೇ ಅಲ್ಲ, ಚಾಳಿನ ನಾಚಿಕೆಯಿಂದ. ಆದರೆ ಕಸ ಬೇರೆ, ಹಳಮೆ ಬೇರೆ. ಕಸವನ್ನು ಗುಡಿಸಿದರೆ ಹೋಗುತ್ತದೆ. ಗುಡಿಸದಿದ್ದರೆ ಅದು ನಮ್ಮ ತಪ್ಪು. ಎಲೆಯಡಿಕೆಯ ಉಗುಳಿನ ಕೆಂಪು ಮೂಲೆಯಲ್ಲಿದ್ದರೆ ಅದನ್ನೂ ಮಾದರಿಯಲ್ಲಿ ತೋರಿಸಿರಿ, ಉಗುಳಿದವರು ನೋಡಲಿ. ಮಳೆಯ ಗೆರೆಗೆ ಮಾತ್ರ ನಾಚಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು, ನೀವಾಗ ಹುಟ್ಟಿರಲಿಲ್ಲ. ನೀರು ಇಳಿದ ಮೇಲೆ ತಗ್ಗು ಪ್ರದೇಶಗಳ ಗೋಡೆಗಳ ಮೇಲೆ ಅದು ನಿಂತ ಮಟ್ಟಕ್ಕೆ ಒಂದು ಅಡ್ಡಗೆರೆ ಉಳಿಯಿತು. ಆ ಗೆರೆಯನ್ನು ಕೊಳೆಯೆನ್ನುವಿರೋ, ಚರಿತ್ರೆಯೆನ್ನುವಿರೋ?

ಬೈಕಲಾ ನಿಲ್ದಾಣದ ಉದಾಹರಣೆಯನ್ನು ಕೊಟ್ಟು ನನ್ನ ಬಾಯಿ ಮುಚ್ಚಿಸಬಹುದು. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಮೊದಲ ಗಾಡಿ ಓಡಿದ ದಾರಿಯ ಆ ಹಳೆಯ ನಿಲ್ದಾಣವನ್ನು ಶುಚಿಗೊಳಿಸಿ ಜೀರ್ಣೋದ್ಧಾರ ಮಾಡಿದುದಕ್ಕಾಗಿಯೇ 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂದಿತಲ್ಲವೆ? ನಿಜ. ಆದರೆ ಅಲ್ಲಿ ತೆಗೆದುಹಾಕಿದ್ದು ಕಲ್ಲಿನ ವಯಸ್ಸನ್ನಲ್ಲ. ಕಲ್ಲನ್ನು ಮರೆಮಾಚಿದ್ದ ಬಣ್ಣದ ಪದರಗಳನ್ನು. ನಿಮ್ಮ ಹೊಳೆಯುವ ಕಾಗದವೂ ಅದೇ ಜಾತಿಯದು. ಬೈಕಲಾವನ್ನು ಕಟ್ಟುವವನು ಇಂದು ಅದು ಹೇಗಿದೆಯೋ ಹಾಗೆಯೇ ಕಟ್ಟಲಿ, ಶುಚಿಯಾಗಿಯೇ ಕಟ್ಟಲಿ. ಇದ್ದುದನ್ನು ಇದ್ದಂತೆ ನೋಡಬೇಕೆಂಬುದಷ್ಟೇ ನನ್ನ ಹಟ.

ಈ ಹಟದಲ್ಲಿ ನನಗೆ ದೂರದ ಸಂಗಡಿಗನೊಬ್ಬನಿದ್ದಾನೆ. ರಾಯ್ ಇಂಗ್ಲೆಂಡ್ ಎಂಬ ತರುಣನು 1925ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದನು. ಹೆಸರು ಇಂಗ್ಲೆಂಡಾದರೂ ಆತ ಆ ನೆಲಕ್ಕೆ ಹೊರಗಿನವನೇ. ಅಲ್ಲಿಯ ಹಳ್ಳಿಗಳ ಹುಲ್ಲುಮಾಡಿನ ಮನೆಗಳು ಒಂದೊಂದಾಗಿ ರೂಪಗೆಡುತ್ತಿರುವುದನ್ನು ಕಂಡು ಅವನಿಗೆ ಸಂಕಟವಾಯಿತು. ಮನೆಗಳನ್ನು ಉಳಿಸುವ ಶಕ್ತಿಯಂತೂ ಅವನಿಗಿರಲಿಲ್ಲ. ರಟ್ಟು, ನೀರುಬಣ್ಣ, ಅಳತೆಪಟ್ಟಿ ಇವನ್ನು ಹಿಡಿದು ಒಂದೊಂದನ್ನೂ 1:76ರ ಪ್ರಮಾಣದಲ್ಲಿ ಕಟ್ಟತೊಡಗಿದನು. ಬಾಗಿದ ಮಾಡನ್ನು ಬಾಗಿದಂತೆ, ಮಾಸಿದ ಗೋಡೆಯನ್ನು ಮಾಸಿದಂತೆ. ಅವನು 1954ರಲ್ಲಿ ಸ್ಥಾಪಿಸಿದ ಪೆಂಡನ್ ಸಂಗ್ರಹಾಲಯದಲ್ಲಿ, ಪುಟ್ಟ ರೈಲುಗಳ ಬದಿಯಲ್ಲಿ, ಆ ಹಳ್ಳಿಯನ್ನು ಇಂದಿಗೂ ಕಾಣಬಹುದು. ಊರವರ ಕಣ್ಣಿಗೆ ಬೀಳದುದು ಹೊರಗಿನಿಂದ ಬಂದವನ ಕಣ್ಣಿಗೆ ಬಿದ್ದಿತು. ನಾವೂ ಹೊರಗಿನಿಂದ ಬಂದವರೇ. ಘಟ್ಟವಿಳಿದೋ ಕಡಲಂಚನ್ನು ಹಿಡಿದೋ ಬಂದು, ಈ ನಗರದಲ್ಲಿ ಬೇರುಬಿಟ್ಟವರು. ಇದನ್ನು ನಾವು ನೋಡದಿದ್ದರೆ ನೋಡುವವರಾರು?

ನೋಡುವುದಕ್ಕೆ ಕಾಲವೂ ಹೆಚ್ಚಿಲ್ಲ. ರೈಲುದಾರಿಯ ಮೇಲೆ 1879ರಿಂದ ನಿಂತಿದ್ದ ಹ್ಯಾಂಕಾಕ್ ಸೇತುವೆಯನ್ನು 2016ರಲ್ಲಿ ಕೆಡವಿದರು. 1868ರ ಕರ್ನಾಕ್ ಸೇತುವೆಯನ್ನು 2022ರಲ್ಲಿ. ಕೆಡವಬಾರದಿತ್ತೆಂದು ನಾನು ಹೇಳಲಾರೆ. ದುರ್ಬಲವಾದ ಸೇತುವೆಯ ಕೆಳಗೆ ಗಾಡಿಗಳು ಓಡುವುದು ಕ್ಷೇಮವಲ್ಲ. ಆದರೆ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಅದರ ಒಂದು ಕಮಾನನ್ನು ರಟ್ಟಿನಲ್ಲಿ ಕಟ್ಟಿಟ್ಟಿದ್ದರೆ! ನಾಯಗಾಂವ್, ವರ್ಲಿಗಳಲ್ಲಿ 1920ರ ದಶಕದಲ್ಲಿ ಎದ್ದ ಬಿ.ಡಿ.ಡಿ. ಚಾಳುಗಳೂ ಈಗ ಗಗನಚುಂಬಿಗಳಿಗೆ ದಾರಿ ಬಿಡುತ್ತಿವೆ. ಅಲ್ಲಿಯ ಒಂದು ಖೋಲಿಯ ವಿಸ್ತಾರ ಸುಮಾರು 160 ಚದರಡಿ. 1:50ರಲ್ಲಿ ಅದನ್ನು ಕಟ್ಟಿದರೆ ಹುಡುಗನೊಬ್ಬನ ಅಂಗೈಯಲ್ಲಿ ಇಡಬಹುದು. ಅದರಲ್ಲಿ ಮೂರೂ ಕಾಲು ಸೆಂಟಿಮೀಟರಿನ ಏಳೆಂಟು ಜನರನ್ನೂ ಒಂದು ಒಲೆಯನ್ನೂ ಒಂದು ಕಪಾಟನ್ನೂ ಇಟ್ಟು ನೋಡಿರಿ. ದೊಡ್ಡ ಫ್ಲ್ಯಾಟು ದೊರೆತ ಮೇಲೆ ಆ ಜನ ಹೇಗೆ ಬಾಳಿದರೆಂಬುದು ಅವರ ಮೊಮ್ಮಕ್ಕಳಿಗೆ ನಂಬಲಾಗದ ಕಥೆಯಾದೀತು.

ಪ್ರದರ್ಶನದ ವ್ಯವಸ್ಥೆಯನ್ನು ಹೊತ್ತ ನನ್ನ ಸಹೋದ್ಯೋಗಿಗಳಲ್ಲಿ ಎರಡು ಮಾತು ವಿಜ್ಞಾಪಿಸಿಕೊಳ್ಳುತ್ತೇನೆ. ಮಾದರಿಗಳ ವಿಭಾಗದಲ್ಲಿ ಅಂಟು ಮತ್ತು ಬ್ಲೇಡಿನ ಹೊರತು ಕೊಂಡು ತಂದ ಯಾವ ವಸ್ತುವಿಗೂ ಅಂಕ ಕೊಡಬಾರದು. ಹಾಗಾದರೆ ಕೈಯಲ್ಲಿ ಕಾಸಿಲ್ಲದ ಹುಡುಗನು ಕಾಸಿರುವವನ ಸಮಕ್ಕೆ ನಿಂತಾನು. ‘ಶುಚಿತ್ವ’ಕ್ಕೆಂದು ಮೀಸಲಿಟ್ಟ ಹತ್ತು ಅಂಕಗಳನ್ನು ‘ನೋಟ’ಕ್ಕೆ ವರ್ಗಾಯಿಸಬೇಕು. ಮಾದರಿಯ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸಿ ಯಾವುದಾದರೊಂದು ಕಲೆಯನ್ನು ತೋರಿಸಿ, ಇದು ಇಲ್ಲೇಕೆ ಇದೆಯೆಂದು ಕೇಳಿದರಾಯಿತು. ತಂದೆತಾಯಿ ಅಂಟಿಸಿದ್ದಾದರೆ ಉತ್ತರ ಹೊರಡದು.

ಇನ್ನು ನಿಮಗೆ. ಪ್ರತಿ ಮಾದರಿಯ ಬದಿಗೂ ಕನ್ನಡದಲ್ಲಿ ಒಂದು ಚೀಟಿ ಇರಲಿ: ಇದು ಯಾವ ಕಟ್ಟಡ, ಯಾವ ಪ್ರಮಾಣ, ಯಾವ ತಿಂಗಳಲ್ಲಿ ನೋಡಿದ್ದು. ಗೋಡೆಗಳನ್ನು ಓದುವುದಕ್ಕೆ ಸೆಪ್ಟೆಂಬರು ತಿಂಗಳೇ ಪ್ರಶಸ್ತ. ಮಳೆ ಬರೆದುದು ಆಗಿನ್ನೂ ಹಸಿಯಾಗಿರುತ್ತದೆ, ದೀಪಾವಳಿಯ ಸುಣ್ಣಬಣ್ಣ ಇನ್ನೂ ಬಿದ್ದಿರುವುದಿಲ್ಲ. ಇಬ್ಬಿಬ್ಬರಾಗಿ ಹೊರಡಿರಿ. ಒಂದು ಪುಸ್ತಕ, ಒಂದು ಪೆನ್ಸಿಲು, ಒಂದು ಕೊಡೆ ಸಾಕು.